ಏತೆಕಾಫಿನ ತಟ್ಟೆ

ಆ ಕಾಲಕ್ಕೆ ಗುಂಡ್ಲುಪೇಟೆಯ ನಮ್ಮ ಮಸೀದಿಗೆ ಮೈಕು ಬಂದಿರಲಿಲ್ಲ. ರಂಜಾನಿನಲ್ಲಿ ಹೊತ್ತು ಮುಳುಗಿತೆಂದು ತಿಳಿಸಲು ಮಿನಾರಿನ ಮೇಲೆ ಒಂದು ಲಾಟೀನು ಎತ್ತಿ ಹಿಡಿಯುತ್ತಿದ್ದರು. ನಾವು ಹುಡುಗರು ಅಂಗಳದಲ್ಲಿ ಬುಗುರಿ ಆಡುತ್ತಲೇ ಒಂದು ಕಣ್ಣು ಅಲ್ಲಿಟ್ಟಿರುತ್ತಿದ್ದೆವು. ಲಾಟೀನು ಕಂಡಿತೋ, ತಿರುಗುತ್ತಿದ್ದ ಬುಗುರಿಯನ್ನು ಅಲ್ಲೇ ಬಿಟ್ಟು ಮನೆಗೆ ಓಟ. ಮೆಂತ್ಯ, ಬೆಳ್ಳುಳ್ಳಿ ಹಾಕಿದ ಗಂಜಿಯ ಹಬೆ, ಕಾಮಕಸ್ತೂರಿ ಬೀಜ ಉಬ್ಬಿ ತೇಲುವ ಶರಬತ್ತು, ಹೋಳು ಮಾಡಿಟ್ಟ ಕರ್ಬೂಜದ ಘಮ. ನನ್ನ ವಯಸ್ಸಿನವರಿಗೆ ಇವೆಲ್ಲ ನೆನಪಾದರೆ ಬಾಯಲ್ಲಿ ನೀರೂರುತ್ತದೆ. ನಾನು ಮುಂದಿಟ್ಟ ಖರ್ಜೂರವನ್ನು ಪಕ್ಕಕ್ಕೆ ಸರಿಸುತ್ತೇನೆ. ಯಾಕೆಂದು ಹೆಂಡತಿ ಮಕ್ಕಳಿಗೂ ಹೇಳಿಲ್ಲ.

ನನಗಾಗ ಹತ್ತು ವರ್ಷವಿರಬೇಕು. ಆ ಸಲ ಉಪವಾಸ ಬೇಸಿಗೆಯ ನಡುವೆ ಬಿದ್ದಿತ್ತು. ಅಬ್ಬಾಗೆ ಪೇಟೆಬೀದಿಯಲ್ಲಿ ಬಟ್ಟೆ ಅಂಗಡಿ. ರಂಜಾನಿನ ಕೊನೆಯ ಹತ್ತು ದಿನಗಳಲ್ಲಿ ಮೊಹಲ್ಲಾದ ಒಬ್ಬನಾದರೂ ಮನೆ, ದುಡಿಮೆ ಎಲ್ಲ ಬಿಟ್ಟು ಮಸೀದಿಯೊಳಗೇ ಉಳಿದು ಅಲ್ಲಾಹನ ದಯೆ ಬೇಡಬೇಕು. ಏತೆಕಾಫ್ ಕೂರುವುದು ಎಂದರೆ ಇದೇ. ಒಬ್ಬ ಕೂತರೆ ಎಲ್ಲರ ಪರವಾಗಿ ಕೂತ ಹಾಗೆ. ಒಬ್ಬನೂ ಕೂರದಿದ್ದರೆ ಪಾಪ ಎಲ್ಲರ ತಲೆಗೂ. ಹಿಂದಿನ ವರ್ಷ ಯಾರೂ ಕೂತಿರಲಿಲ್ಲ. ಆಮೇಲೆ ಊರಲ್ಲಿ ದನಗಳು ಸತ್ತದ್ದಕ್ಕೂ ಹುಲ್ಲಿನ ಬಣವೆ ಸುಟ್ಟದ್ದಕ್ಕೂ ಅದೇ ಕಾರಣವೆಂದು ಹಿರಿಯರು ಹೆದರಿದ್ದರು. ಈ ವರ್ಷವೂ ಎಲ್ಲರಿಗೂ ಒಂದೊಂದು ಅಡ್ಡಿ. ಅಬ್ಬಾಗಂತೂ ವರ್ಷದ ವ್ಯಾಪಾರವೆಲ್ಲ ಆ ಹತ್ತು ದಿನದಲ್ಲೇ.

ಹಾಗಾಗಿ ಕಲಾಯಿ ಖಾದರ್ ಮಾಮೂನನ್ನು ಅಂಗಡಿಗೆ ಕರೆಸಿದರು. ನಮ್ಮ ಬೀದಿಯ ಕೊನೆಯ ಮನೆ ಅವನದು. ತಿದಿ, ತವರ, ನವಸಾಗರದ ಪುಡಿ ಹೊತ್ತು ತೆರಕಣಾಂಬಿ, ಹರವೆ ಅಂತ ಊರೂರು ತಿರುಗಿ ತಾಮ್ರ ಹಿತ್ತಾಳೆ ಪಾತ್ರೆಗಳ ಒಳಗೆ ತವರ ಬಳಿದು ಕಲಾಯಿ ಹಾಕುತ್ತಿದ್ದ. ಮದುವೆ ಮನೆಯ ದೊಡ್ಡ ಹಂಡೆ ಬಂದರೆ ಮರಳು ಹಾಕಿ ಒಳಗಿಳಿದು, ಗೋಡೆ ಹಿಡಿದು, ಬರಿಗಾಲಲ್ಲಿ ಅತ್ತಿತ್ತ ತಿರುಗಿ ಉಜ್ಜುತ್ತಿದ್ದ. ಅವನ ಆರು ವರ್ಷದ ಮಗಳು ಬಾನು ಪಕ್ಕದಲ್ಲಿ ಒಂದು ಬೋಗುಣಿಯೊಳಗೆ ನಿಂತು ಹಾಗೇ ತಿರುಗುತ್ತಿದ್ದಳು.

ನಾವು ಮನೆಯಲ್ಲಿ ಆಡುತ್ತಿದ್ದುದು ಉರ್ದು. ಆದರೆ ಆ ಮಾತುಗಳು ಈಗ ನನಗೆ ಕನ್ನಡದಲ್ಲೇ ಕೇಳಿಸುತ್ತವೆ.

"ನಾನಾ ಸಾಹೇಬ್ರೆ?" ಎಂದ ಖಾದರ್ ಮಾಮು. "ನಾನು ಮಸಿ ಮೆತ್ಕೊಂಡಿರೋ ಮನುಷ್ಯ. ಖುರಾನು ಓದೋದೂ ತಡವರಿಸ್ಕೊಂಡೇ."

"ಮಸಿ ತೆಗೆಯೋದೇ ನಿನ್ನ ಕಸುಬಲ್ವೇನಯ್ಯಾ? ಈ ಊರ ಪಾತ್ರೆಗೆಲ್ಲ ಹಾಕ್ದೆ, ಈಗ ನಮ್ಮ ಮನಸ್ಸುಗಳಿಗೂ ಒಂದು ಸಲ ಕಲಾಯಿ ಹಾಕು" ಎಂದರು ಅಬ್ಬಾ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಅವನೂ ನಕ್ಕ. ಮನೆಗೆ ಊಟ ಕಳಿಸುವುದು, ಬಾನುಗೆ ಹಬ್ಬಕ್ಕೆ ಹಸಿರು ಲಂಗ ಹೊಲಿಸುವುದು ಅಬ್ಬಾ ಒಪ್ಪಿಕೊಂಡ ಭಾರ. ತಟ್ಟೆ ಹೊರುವುದು ನನ್ನ ಪಾಲಿಗೆ ಬಂತು.

ಮಸೀದಿಯ ಒಂದು ಮೂಲೆಗೆ ಬಿಳಿ ಪರದೆ ಕಟ್ಟಿದರು. ಖಾದರ್ ಮಾಮು ಲೋಕದ ಮಾತೆಲ್ಲ ಬಿಟ್ಟುಬಿಟ್ಟ. ನಮಾಜಿಗೆ ಬಂದವರು ಮಾತಾಡಿಸಿದರೆ ಎದೆಯ ಮೇಲೆ ಕೈಯಿಟ್ಟು ತಲೆಯಾಡಿಸುತ್ತಿದ್ದ, ಅಷ್ಟೆ. ನಾನು ಮೊದಲು ಅವನ ಮನೆಗೆ ಒಂದು ತಟ್ಟೆ ಕೊಟ್ಟು, ಅಂಗಡಿಯಲ್ಲಿ ಶರಬತ್ತಿನ ಚೊಂಬು ಇಸಿದುಕೊಂಡು, ಲಾಟೀನು ಏರುವ ಮುಂಚೆ ಪರದೆಯ ಒಳಗೆ ಹೋಗಿ ಕೂರುತ್ತಿದ್ದೆ. ನನ್ನನ್ನು ಮಾತ್ರ ಒಂದು ಮಾತು ಕೇಳುತ್ತಿದ್ದ.

"ಬಾನು?"

ಮೊದಲ ದಿನ ಕಂಡದ್ದನ್ನೇ ಹೇಳಿದೆ. "ನಿಮ್ಮ ಥರಾನೇ ಬೋಗುಣಿಯೊಳಗೆ ತಿರುಗಿ ತಲೆ ಸುತ್ತಿ ಬಿದ್ಲು ಮಾಮು. ಬಿದ್ದು, ಬೋಗುಣಿಗೇ ಬೈದ್ಲು." ಅವನು ಬಾಯಿಗೆ ಕೈ ಅಡ್ಡ ಹಿಡಿದು, ಸದ್ದಿಲ್ಲದೆ, ಹೆಗಲು ಕುಣಿಯುವ ಹಾಗೆ ನಕ್ಕ. ಬಾಂಗು ಆದಮೇಲೆ ತನ್ನ ಪಾಲಿನ ಖರ್ಜೂರ ಮುರಿದು ಅರ್ಧ ನನ್ನ ಕೈಗಿಟ್ಟ. ನವಸಾಗರದ ಹೊಗೆಯ ವಾಸನೆ ಅವನ ಬೆರಳುಗಳಿಂದ ಆಗಲೂ ಹೋಗಿರಲಿಲ್ಲ. ಆ ಖರ್ಜೂರದ ರುಚಿ ಅದೇ.

ಮೂರೋ ನಾಲ್ಕೋ ದಿನವಾದ ಮೇಲೆ ಬಾನು ಮಲಗಿದ್ದಳು. ಅವಳ ತಾಯಿ ಹಲೀಮಾ ಮಾಮಿ ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದಳು.

"ಅನ್ವರ್ ಬೇಟಾ, ಮಾಮೂಗೆ ಹೇಳು. ಮೈ ಕೆಂಡ ಆಗಿದೆ. ಅಬ್ಬಾ ಅಬ್ಬಾ ಅಂತಿದಾಳೆ. ಒಂದು ಗಳಿಗೆ ಬಂದು ಮುಖ ತೋರಿಸಿ ಹೋಗ್ಲಿ."

ನಾನು ಅಂಗಡಿಗೆ ಬಂದು ಅಬ್ಬಾಗೆ ಹೇಳಿದೆ. ಗಿರಾಕಿಗಳು ಮುತ್ತಿದ್ದರು. ಅಬ್ಬಾ ಗಜಕೋಲು ಕೆಳಗಿಡದೆ, ಬಗ್ಗಿ, ನನ್ನ ಕಿವಿಯಲ್ಲಿ ಅಂದರು: "ಮಕ್ಕಳಿಗೆ ಜ್ವರ ಬರಲ್ವೇನೋ? ಹೇಳಿದ್ರೆ ಎದ್ದು ಹೊರಟುಬಿಡ್ತಾನೆ. ಏತೆಕಾಫ್ ಮುರೀತು ಅಂದ್ರೆ ಇಡೀ ಮೊಹಲ್ಲಾಕ್ಕೆ ಪಾಪ. ಔಷಧಿ ನಾನು ಕಳಿಸ್ತೀನಿ. ನೀನು ಚೆನ್ನಾಗಿದಾಳೆ ಅನ್ನು, ಸಾಕು."

ಔಷಧಿ ಕಳಿಸಿದರು, ಸುಳ್ಳಲ್ಲ. ಬಾಟಲಿಯಲ್ಲಿ ಕೆಂಪು ನೀರು.

"ಬಾನು?" ಎಂದ ಖಾದರ್ ಮಾಮು.

"ಚೆನ್ನಾಗಿದಾಳೆ."

ಅವನು ಇನ್ನೂ ಏನಾದರೂ ಹೇಳುವೆನೆಂದು ನನ್ನ ಮುಖ ನೋಡುತ್ತಾ ಕೂತ. ನಾನು ಹೇಳಿದೆ. ದರ್ಜಿ ಲಂಗದ ಅಳತೆ ತೆಗೆದನೆಂದೆ, ಕಚಗುಳಿಯಾಗಿ ಅವಳು ಅವನ ಟೇಪು ಕಿತ್ತುಕೊಂಡು ಓಡಿದಳೆಂದೆ. ಅವನ ಹೆಗಲು ಕುಣಿಯಿತು. ಅರ್ಧ ಖರ್ಜೂರ ಬಂತು. ಅಬ್ಬಾ ಹೇಳಿಕೊಟ್ಟದ್ದು ಒಂದು ಮಾತು. ಮಿಕ್ಕದ್ದೆಲ್ಲ ನಾನೇ ಕಟ್ಟಿದ್ದು. ಕಟ್ಟುವಾಗ ನನಗೆ ಖುಷಿಯಾಗುತ್ತಿತ್ತು. ಇದನ್ನು ಬರೆಯದೆ ಬಿಟ್ಟರೆ ಉಳಿದದ್ದು ಬರೆದು ಪ್ರಯೋಜನವಿಲ್ಲ.

ಮರುದಿನ ಹಲೀಮಾ ಮಾಮಿ ಬಾಗಿಲಲ್ಲೇ ಕಾಯುತ್ತಿದ್ದಳು. "ಹೇಳಿದ್ಯಾ? ಏನಂದ್ರು?"

ಹೇಳಲಿಲ್ಲ ಎಂದಿದ್ದರೆ ಅವಳು ಬುರ್ಖಾ ಹಾಕಿಕೊಂಡು ಮಸೀದಿಯ ಬಾಗಿಲಿಗೇ ಹೋಗುತ್ತಿದ್ದಳು. ಅಬ್ಬಾ ನನ್ನ ಚರ್ಮ ಸುಲಿಯುತ್ತಿದ್ದರು. ಬಾಯಿಗೆ ಬಂದದ್ದನ್ನು ಅಂದೆ: "ಹೇಳ್ದೆ ಮಾಮಿ. ಅಲ್ಲಾಹನ ಮನೆ ಬಿಟ್ಟು ಬರೋಕಾಗಲ್ಲ ಅಂದ್ರು. ದುವಾ ಮಾಡ್ತೀನಿ ಅಂದ್ರು."

ಈ ಸುಳ್ಳನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅಬ್ಬಾಗೆ ಇದು ಸಾಯುವವರೆಗೂ ತಿಳಿಯಲಿಲ್ಲ.

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಹಾಗಂದ್ರಾ?" ಎಂದಳು. ಮತ್ತೆ ಒಳಗೆ ಹೋಗಿ ಒದ್ದೆ ಬಟ್ಟೆ ಹಿಂಡಿದಳು. ಆಮೇಲೂ ದಿನಾ ಹೇಳಿ ಕಳಿಸುತ್ತಿದ್ದಳು. ನಾನು ದಿನಾ ಅದೇ ಉತ್ತರ ತರುತ್ತಿದ್ದೆ.

ಪಕ್ಕದ ಮನೆಯ ನಿಂಗಮ್ಮ, ಎಮ್ಮೆ ಸಾಕಿ ಹಾಲು ಮಾರುವವಳು, ಅಲ್ಲೇ ಕೂತು ಮಗುವಿನ ಅಂಗಾಲಿಗೆ ಈರುಳ್ಳಿ ಉಜ್ಜುತ್ತಿದ್ದಳು. ಒಂದು ದಿನ ನನ್ನ ತೋಳು ಹಿಡಿದು ನಿಲ್ಲಿಸಿದಳು.

"ಲೋ ಐದ, ಅವರಪ್ಪುಂಗೆ ನೆಟ್ಗೆ ಏಳ್ದ್ಯೇನ್ಲಾ? ಕೂಸು ಕಣ್ಣೇ ಬುಡ್ತಿಲ್ಲ ಕನ. ಎಂಥಾ ದ್ಯಾವ್ರವ್ವಾ ನಿಮ್ದು, ಎತ್ತ ಮಗಾನ ನೋಡಾಕೂ ಬುಡ್ದು?"

"ದೇವ್ರನ್ನ ಅನ್ನಬೇಡ ನಿಂಗವ್ವ" ಎಂದಳು ಹಲೀಮಾ ಮಾಮಿ, ತಲೆ ಎತ್ತದೆ. "ಅವರೇ ಬರಲ್ಲ ಅಂದವ್ರೆ."

ನನ್ನ ಕೈಯಲ್ಲಿ ತಟ್ಟೆಯಿತ್ತು. ಅಲ್ಲೇ ಇಟ್ಟು ನಿಜ ಹೇಳಿಬಿಡಬಹುದಿತ್ತು. ಗಂಜಿ ಆರಿಹೋಗುತ್ತೆ ಎಂದು ಹೇಳಿ ಓಡಿಬಂದೆ.

ಹಬ್ಬ ಹತ್ತಿರವಾಗಿದ್ದ ಒಂದು ಸಂಜೆ ನಾನು ಅವರ ಮನೆಯೊಳಗೆ ಹೋಗಲಿಲ್ಲ. ಒಳಗಿನಿಂದ ಮಗುವಿನ ಉಸಿರು ತಿದಿಯ ಹಾಗೆ ಕೇಳುತ್ತಿತ್ತು. ತಟ್ಟೆಯನ್ನು ಹೊಸಿಲ ಮೇಲಿಟ್ಟು ಮಸೀದಿಗೆ ಬಂದೆ.

"ಬಾನು?"

"ಚೆನ್ನಾಗಿದಾಳೆ ಮಾಮು. ಲಂಗ ಹಾಕ್ಕೊಂಡು ಬೀದಿಯೆಲ್ಲ ತೋರಿಸ್ಕೊಂಡು ಬಂದ್ಲು. ನಿಂಗವ್ವನ ಎಮ್ಮೆಗೂ ತೋರಿಸಿದ್ಲು."

ಅವನು ನಗುತ್ತಿದ್ದ. ಲಾಟೀನು ಏರಿತು, ಬಾಂಗು ಆಯಿತು. ಖರ್ಜೂರ ಮುರಿದು ಅರ್ಧ ನನಗೆ ಕೊಟ್ಟು, ಇನ್ನರ್ಧ ಬಾಯಿಗಿಡುವಾಗ ಹೊರಗೆ ಗೇಟಿನ ಹತ್ತಿರ ನಿಂಗಮ್ಮನ ಕೂಗು ಎದ್ದಿತು.

"ಕಲಾಯಿ ಸಾಬ್ರೇ! ಈಚ್ಗೆ ಬನ್ನಿ! ನಿಮ್ ಕೂಸು ಓಗ್ಬುಡ್ತು ಕನಪ್ಪಾ, ಓಗ್ಬುಡ್ತು!"

ಸಾಲಿನಲ್ಲಿ ಕೂತಿದ್ದ ಯಾರೋ "ಏ, ಹೆಂಗಸ್ರು ಇಲ್ಲಿಗೆ..." ಎಂದು ಶುರುಮಾಡಿ ಅಲ್ಲಿಗೇ ನಿಲ್ಲಿಸಿದರು. ಖಾದರ್ ಮಾಮು ನನ್ನ ಮುಖ ನೋಡಿದ. ಕೂಗಿನ ಅರ್ಥ ಅವನಿಗೆ ಆಗಿರಲಿಲ್ಲ. ನನ್ನ ಮುಖ ನೋಡಿದ ಮೇಲೆ ಆಯಿತು. ಪರದೆ ಸರಿಸಿ, ಚಪ್ಪಲಿಯಿಲ್ಲದೆ, ಹೊಸಿಲು ದಾಟಿ ನಡೆದ. ಹತ್ತಾರು ಜನ ಗಂಡಸರು ಕೈಯಲ್ಲಿ ಗಂಜಿಯ ಬಟ್ಟಲು ಹಿಡಿದುಕೊಂಡು ನೋಡುತ್ತಿದ್ದರು.

ನಾನೂ ಹಿಂದೆ ಹೋದೆ. ಯಾಕೆ ಹೋದೆನೋ. ಮನೆಯೊಳಗೆ ಮಗುವನ್ನು ಚಾಪೆಯ ಮೇಲೆ ನೇರವಾಗಿ ಮಲಗಿಸಿದ್ದರು. ಖಾದರ್ ಮಾಮು ಅವಳ ಪಾದ ಹಿಡಿದುಕೊಂಡು ಕುಸಿದ. ಹಲೀಮಾ ಮಾಮಿ ಅಳುತ್ತಿರಲಿಲ್ಲ.

"ಈಗ ಯಾಕೆ ಬಂದ್ರಿ?" ಎಂದಳು. "ದಿನಾ ಈ ಹುಡುಗನ ಕೈಲಿ ಹೇಳಿ ಕಳಿಸ್ದೆ. ದಿನಾ. ಅಲ್ಲಾಹನ ಮನೆ ಬಿಟ್ಟು ಬರೋಕಾಗಲ್ಲ ಅಂದ್ರಂತೆ. ಅಂದ್ರಾ ಇಲ್ವಾ?"

ಖಾದರ್ ಮಾಮು ತಿರುಗಿ, ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿದ. ಅರ್ಧ ಖರ್ಜೂರ ನನ್ನ ಮುಷ್ಟಿಯಲ್ಲಿ ಅಂಟಿಕೊಂಡಿತ್ತು. ನಿಂಗಮ್ಮನೂ ನನ್ನನ್ನೇ ನೋಡುತ್ತಿದ್ದಳು. ಅವನು ಒಂದು ಮಾತು ಅಂದಿದ್ದರೆ ಆ ಬೀದಿಯಲ್ಲಿ ನಾನು ಮುಂದೆ ತಲೆಯೆತ್ತಿ ನಡೆಯುವ ಹಾಗಿರಲಿಲ್ಲ.

"ಹೌದು" ಎಂದ. "ಅಂದೆ."

ಹೆಣಕ್ಕೆ ಸುತ್ತುವ ಕಫನಿನ ಬಿಳಿ ಬಟ್ಟೆಯನ್ನು ಅಬ್ಬಾ ತಾವೇ ಅಂಗಡಿಯಿಂದ ತಂದರು. ಗಜಕೋಲು ಮುಟ್ಟದೆ ಹರಿದು ತಂದಿದ್ದರು. ಅಂಗಡಿಗೆ ಬೀಗ ಹಾಕಿ, ಅವತ್ತೇ ಹೋಗಿ ಆ ಪರದೆಯ ಹಿಂದೆ ಖಾದರ್ ಮಾಮೂನ ಜಾಗದಲ್ಲಿ ಕೂತರು. ಹಬ್ಬದವರೆಗೂ ಏಳಲಿಲ್ಲ. ಕೂರಲು ಆಗುತ್ತಿತ್ತು ಅಂತಾಯಿತು. ಮೊದಲೇ ಆಗುತ್ತಿತ್ತು.

ಮಸೀದಿಯಲ್ಲಿ ನಮಾಜು ಮಾಡಿಸುವ ಹಜರತ್ತರು ಅಬ್ಬಾಗೆ ಹೇಳಿದ್ದನ್ನು ನಾನು ಕೇಳಿಸಿಕೊಂಡೆ. "ಮೊದಲೇ ನನ್ನನ್ನ ಒಂದು ಮಾತು ಕೇಳಬಾರದಿತ್ತಾ? ಮಗು ಆ ಸ್ಥಿತಿಲಿದ್ರೆ ಎದ್ದು ಹೋಗ್ಬಹುದು. ಆಮೇಲೆ ಒಂದು ದಿನ ಉಪವಾಸ ಮಾಡಿ ಕೂತು ತೀರಿಸಿದ್ರೆ ಆಯ್ತು. ನಮ್ಮ ಧರ್ಮದಲ್ಲಿ ಅಷ್ಟು ಜಾಗ ಇದೆ."

ಹಬ್ಬ ಕಳೆದ ಮೇಲೆ ಖಾದರ್ ಮಾಮು ಆ ಒಂದು ದಿನವನ್ನು ತೀರಿಸಲು ಬಂದು ಕೂತ. ಮಸೀದಿಯಲ್ಲಿ ಜನವಿರಲಿಲ್ಲ, ಲಾಟೀನು ಏರಿಸುವವರೂ ಇರಲಿಲ್ಲ. ಅಮ್ಮಿ ತಟ್ಟೆಯನ್ನು ನನ್ನ ಕೈಯಲ್ಲೇ ಕಳಿಸಿದಳು. ನಾನು ಹೋಗಿ ಎದುರಿಗೆ ಕೂತೆ. ಅವನು ಏನೂ ಕೇಳಲಿಲ್ಲ. ಕೇಳಲು ಏನೂ ಉಳಿದಿರಲಿಲ್ಲ. ಬಾಂಗು ಆಯಿತು. ಖರ್ಜೂರ ತೆಗೆದುಕೊಂಡು, ಮುರಿದು, ಎಂದಿನಂತೆ ಅರ್ಧ ನನ್ನ ಕೈಗಿಟ್ಟ.

ಅದನ್ನು ತಿನ್ನಲು ನನ್ನಿಂದಾಗಲಿಲ್ಲ. ಹೊರಗೆ ಬಂದು, ನಮಾಜಿಗೆ ಮುಂಚೆ ಕೈಕಾಲು ತೊಳೆದು ವಜೂ ಮಾಡುವ ತೊಟ್ಟಿಯಲ್ಲಿ ಹಾಕಿಬಿಟ್ಟೆ. ಅದು ಕ್ಷಮೆಯೇ ಆಗಿದ್ದರೆ, ನಾನು ಅದನ್ನು ನೀರಿಗೆ ಹಾಕಿದ ಹಾಗಾಯಿತು.

ಮಳೆಗಾಲದ ಹೊತ್ತಿಗೆ ಆ ಮನೆಗೆ ಬೀಗ ಬಿತ್ತು. ಹಲೀಮಾ ಮಾಮಿ ಚಾಮರಾಜನಗರದ ತವರಿಗೆ ಹೋದಳು. ಖಾದರ್ ಮಾಮು ತಿದಿ ಹೊತ್ತು ಘಾಟಿ ಇಳಿದು ಮಲೆಯಾಳದ ಕಡೆಗೆ ಹೋದನೆಂದರು. ಮತ್ತೆ ಯಾರೂ ಅವನನ್ನು ಕಾಣಲಿಲ್ಲ. ಗಂಡ ಹೆಂಡತಿ ಮತ್ತೆ ಒಂದಾಗಲಿಲ್ಲ.

ಹೈಸ್ಕೂಲಿಗೆ ನನ್ನನ್ನು ಚಾಮರಾಜನಗರದಲ್ಲಿ ಚಿಕ್ಕಪ್ಪನ ಮನೆಯಲ್ಲಿ ಬಿಟ್ಟರು. ಒಂದು ದಿನ ಶಾಲೆಯಿಂದ ಬರುವಾಗ, ಜಗುಲಿಯ ಮೇಲೆ ಬೀಡಿ ಕಟ್ಟುತ್ತಿದ್ದ ಹೆಂಗಸು "ಅನ್ವರ್ ಅಲ್ವಾ?" ಎಂದಳು. ಹಲೀಮಾ ಮಾಮಿ. ಕೂದಲು ಅರ್ಧ ಬೆಳ್ಳಗಾಗಿತ್ತು. ನೀರು ಕೊಟ್ಟಳು, ಅಮ್ಮಿಯ ಆರೋಗ್ಯ ಕೇಳಿದಳು. ಬೀಡಿಗೆ ದಾರ ಸುತ್ತುತ್ತಲೇ ಇದ್ದು, ಆಮೇಲೆ ಕೇಳಿದಳು:

"ಅವತ್ತು ಅವರು ಬರಲ್ಲ ಅಂದ್ರಲ್ಲ, ಹೇಗಂದ್ರು? ಅಳ್ತಾ ಅಂದ್ರಾ, ಸುಮ್ನೆ ಅಂದ್ರಾ?"

ಆಗ ನನಗೆ ಹದಿನೈದು. ಪಕ್ಕದಲ್ಲಿ ಅಬ್ಬಾ ಇರಲಿಲ್ಲ, ಹೆದರಿಸುವವರು ಯಾರೂ ಇರಲಿಲ್ಲ.

"ಅಳ್ತಾ ಅಂದ್ರು, ಮಾಮಿ."

ಅವಳು ತಲೆಯಾಡಿಸಿದಳು. "ಅಷ್ಟು ಸಾಕು" ಎಂದಳು. ಬಹಳ ಕಾಲ ಆ ಮಾತನ್ನು ದಯೆಯಿಂದ ಆಡಿದೆ ಎಂದುಕೊಂಡಿದ್ದೆ. ಅದು ಹೇಡಿತನ. ಅಲ್ಲಿಂದ ಮುಂದೆ ಸುತ್ತುದಾರಿ ಹಿಡಿದು ಶಾಲೆಗೆ ಹೋದೆ. ಅವಳು ತೀರಿಕೊಂಡ ಸುದ್ದಿಯೂ ನನಗೆ ತಡವಾಗಿ ತಿಳಿಯಿತು.

ಈಗ ನಮ್ಮ ಮಸೀದಿಯಲ್ಲಿ ಮೈಕಿದೆ, ಫ್ಯಾನಿದೆ. ಏತೆಕಾಫಿಗೆ ಹುಡುಗರು ನಾ ಮುಂದು ತಾ ಮುಂದು ಎಂದು ಬರುತ್ತಾರೆ. ಮನೆಯಲ್ಲಿ ಮಗು ಕೆಮ್ಮಿದರೂ ಫೋನಿನಲ್ಲಿ ತಿಳಿಯುತ್ತದೆ, ಯಾವ ಹುಡುಗನ ಬಾಯನ್ನೂ ನಂಬಿ ಕೂರಬೇಕಾಗಿಲ್ಲ. ಕಲಾಯಿ ಹಾಕುವವರೂ ಈಗಿಲ್ಲ, ತವರದ ಹೊಳಪಿನ ಆ ಪಾತ್ರೆಗಳೂ ಇಲ್ಲ. ಒಬ್ಬ ಮನುಷ್ಯ ಬೇರೆಯವರ ಮಗನ ತಪ್ಪನ್ನು ತನ್ನ ತಲೆಯ ಮೇಲೆ ಹಾಕಿಕೊಂಡು, ಹೆಂಡತಿಯನ್ನೂ ಕಳೆದುಕೊಂಡು, ಸುಮ್ಮನೆ ಎದ್ದು ಹೋದದ್ದನ್ನು ನಾನು ಮತ್ತೆ ಎಲ್ಲೂ ಕಾಣಲಿಲ್ಲ.

ತನ್ನ ವಿರುದ್ಧ ಮಾಡಿದ ಪಾಪವನ್ನು ಅಲ್ಲಾಹ ಮನ್ನಿಸುತ್ತಾನೆ, ಮನುಷ್ಯನಿಗೆ ಮಾಡಿದ ಅನ್ಯಾಯವನ್ನು ಆ ಮನುಷ್ಯನೇ ಮನ್ನಿಸಬೇಕು ಎಂದು ಪ್ರತಿ ರಂಜಾನಿನಲ್ಲೂ ಹೇಳುತ್ತಾರೆ. ನಾನು ಹಿಂದಿನ ಸಾಲಿನಲ್ಲಿ ಕೂತು ಕೇಳುತ್ತೇನೆ. "ಈ ಸಲ ನೀವು ಏತೆಕಾಫ್ ಕೂತ್ಕೊಳ್ಳಿ ಅಬ್ಬಾ" ಎಂದು ಮಗ ಹೇಳಿದರೆ ಮಂಡಿ ನೋವು ಅನ್ನುತ್ತೇನೆ. ದಯೆ ಬೇಡಲು ಕೈಯೆತ್ತುತ್ತೇನೆ. ಎತ್ತಿದ ಕೂಡಲೇ ಆ ಮೂಲೆಯಿಂದ "ಬಾನು?" ಎಂದು ಕೇಳಿದ ಹಾಗಾಗುತ್ತದೆ. ಇಷ್ಟು ವರ್ಷದ ಮೇಲೂ ನನ್ನ ನಾಲಿಗೆಗೆ ಮೊದಲು ಬರುವ ಉತ್ತರ ಅದೇ. ಚೆನ್ನಾಗಿದಾಳೆ, ಮಾಮು.