ಪರದೆ ಅಂಗಡಿಯ ಹಳದಿ ಪಟ್ಟಿ

ಆ ಪರದೆ ಬಟ್ಟೆಯ ಅಂಗಡಿಯಲ್ಲಿ ಎಲ್ಲರೂ ಅವರನ್ನು ಕರೆಯುತ್ತಿದ್ದದ್ದು ಬಣ್ಣದ ಮಾವ ಎಂದೇ. ಸೋಫಾದ ಒಂದು ಚೂರು ಬಟ್ಟೆ ತಂದುಕೊಟ್ಟರೆ ಸಾಕು, ಅದಕ್ಕೆ ಹೇಳಿ ಮಾಡಿಸಿದಂಥ ಪರದೆಯನ್ನು ಹುಡುಕಿ ಮೇಜಿನ ಮೇಲೆ ಹರವುತ್ತಿದ್ದರು. ಮಾಲಕಿಯಂತೂ ಬಂದವರ ಮುಂದೆಲ್ಲ ಅವರ ಕಣ್ಣನ್ನು ಹೊಗಳಿದ್ದೇ ಹೊಗಳಿದ್ದು. ಹೊಗಳಿಕೆ ಶುರುವಾದಾಗಲೆಲ್ಲ ಮಾವ ಬಟ್ಟೆ ಸುತ್ತುವ ನೆಪದಲ್ಲಿ ಕಪಾಟಿನ ಕಡೆ ತಿರುಗಿಬಿಡುತ್ತಿದ್ದರು. ಯಾಕೆಂದರೆ ಮಾವನಿಗೆ ಕೆಂಪೂ ಹಸಿರೂ ಒಂದೇ. ಎರಡೂ ಒಣಗಿದ ಮಣ್ಣಿನ ಹಾಗೆ ಕಾಣುತ್ತವೆ, ಹುಟ್ಟಿದಾಗಿನಿಂದಲೂ.

ಹಾಗಾದರೆ ಅಷ್ಟು ವರ್ಷ ಹೇಗೆ ನಿಭಾಯಿಸಿದರು ಎಂದು ನೀವು ಕೇಳಬಹುದು. ಬಟ್ಟೆಗೆ ಅಂಟಿಸಿದ ಚೀಟಿಯಲ್ಲಿ ಬಣ್ಣದ ಹೆಸರು ಓದಿ ಕಪಾಟು ಜೋಡಿಸುತ್ತಿದ್ದವರು ಅವರೇ. ಯಾವ ಬಣ್ಣದ ಬಟ್ಟೆಯ ಥಾನು ಯಾವ ಖಾನೆಯಲ್ಲಿದೆ ಎಂಬುದು ಅವರಿಗೆ ಬಾಯಿಪಾಠ. ಇನ್ನು ಗಿರಾಕಿ ತಂದ ಚೂರಿನ ಬಣ್ಣಕ್ಕೆ ಅವರದೊಂದು ಉಪಾಯವಿತ್ತು. ಚೂರನ್ನು ಬೆಳಕಿಗೆ ಹಿಡಿದು, ಹುಬ್ಬೇರಿಸಿ, "ಇದನ್ನ ಏನ್ ಬಣ್ಣ ಅಂತೀರಿ? ನೀವೇ ಹೇಳಿ ನೋಡೋಣ" ಎನ್ನುತ್ತಿದ್ದರು. ಗಿರಾಕಿ ತಡವರಿಸಿ, "ಪಾಚಿ ಹಸಿರಾ?" ಎನ್ನಬೇಕು. "ಭೇಷ್! ಸರಿಯಾಗಿ ಹೇಳಿದ್ರಿ." ಪರೀಕ್ಷೆ ಪಾಸಾದ ಖುಷಿ ಗಿರಾಕಿಗೆ, ಉತ್ತರ ಸಿಕ್ಕಿದ ಖುಷಿ ಮಾವನಿಗೆ.

ಗುಟ್ಟು ಗೊತ್ತಿದ್ದದ್ದು ಅಕ್ಕನ ಮಗಳೊಬ್ಬಳಿಗೆ. ಅವಳು ಚಿಕ್ಕವಳಿದ್ದಾಗ ಮಾವ ಅವಳ ಚಿತ್ರದ ಮರಕ್ಕೆ ರಕ್ತಗೆಂಪು ಎಲೆ ಬಳಿದುಕೊಟ್ಟಿದ್ದರು. ಕ್ಲಾಸೆಲ್ಲ ನಕ್ಕಿತು, ಅವಳು ಮಾತ್ರ ತುಟಿ ಪಿಟಕ್ಕೆನ್ನಲಿಲ್ಲ. ಮುಂದೆ ಕಂಪ್ಯೂಟರ್ ಓದಿದವಳು ಮಾವನಿಗೆಂದೇ ಒಂದು ಆಡ್-ಆನ್, ಅಂದರೆ ಬ್ರೌಸರಿಗೆ ಜೋಡಿಸುವ ಪುಟ್ಟ ಪ್ರೋಗ್ರಾಂ, ಬರೆದು ಅಂಗಡಿಯ ಕಂಪ್ಯೂಟರಿಗೆ ಸೇರಿಸಿದಳು. ಬಟ್ಟೆಯ ಚೂರನ್ನು ಕ್ಯಾಮೆರಾ ಕೆಳಗಿಟ್ಟು ಚಿತ್ರದ ಮೇಲೆ ಮೌಸ್ ಇಟ್ಟರೆ ಪಕ್ಕದಲ್ಲೇ ಬಣ್ಣದ ಹೆಸರು ಮೂಡುತ್ತಿತ್ತು. ಹುಡುಗಿ ತುಂಟಿ. ಆಡ್-ಆನ್‌ಗೆ ಅವಳು ಇಟ್ಟ ಹೆಸರು 'ಬಣ್ಣ ಕಾಣದ ಮಾವ'.

ಬ್ರೌಸರಿಗೆ ಮಾತ್ರ ಮನೆಯಲ್ಲೇ ಹುಟ್ಟಿದ ಈ ಕೂಸಿನ ಮೇಲೆ ಎಳ್ಳಷ್ಟೂ ನಂಬಿಕೆಯಿಲ್ಲ. ಪ್ರತಿ ಬೆಳಿಗ್ಗೆ ತೆರೆದ ಕೂಡಲೇ ಪುಟದ ನೆತ್ತಿಯ ಮೇಲೆ ಹಳದಿ ಪಟ್ಟಿ: "ಎಚ್ಚರಿಕೆ. ಪರಿಶೀಲಿಸದ ಆಡ್-ಆನ್ ಚಾಲನೆಯಲ್ಲಿದೆ: ಬಣ್ಣ ಕಾಣದ ಮಾವ. ಆಫ್ ಮಾಡಬೇಕೇ?" ಕೆಳಗೆ ಎರಡು ಗುಂಡಿ, 'ಆಫ್ ಮಾಡಿ', 'ಇರಲಿ'. ಹಳದಿ ಬಣ್ಣ ಮಾತ್ರ ಮಾವನಿಗೆ ಚೆನ್ನಾಗಿಯೇ ಕಾಣುತ್ತದೆ, ಅದೂ ಒಂದು ಗ್ರಹಚಾರ. ಎಲ್ಲರಿಗಿಂತ ಮೊದಲು ಬಂದು 'ಇರಲಿ' ಒತ್ತಿದ ಮೇಲೇ ಅವರು ಕಸಬರಿಗೆ ಮುಟ್ಟುತ್ತಿದ್ದದ್ದು.

ಹೀಗಿರುವಾಗ ಮಾಲಕಿಗೆ ಒಂದು ಹುಕಿ ಹತ್ತಿತು. ಕ್ಯಾಮೆರಾದಲ್ಲಿ ಮೂಡುವ ಬಟ್ಟೆ ಗಿರಾಕಿಗಳಿಗೂ ಕಾಣಲೆಂದು ಗೋಡೆಗೆ ಬಾಗಿಲಗಲದ ಸ್ಕ್ರೀನ್ ಹಾಕಿಸುವುದಾಗಿ ಹೇಳಿದರು. ಒಂದು ಬೆಳಿಗ್ಗೆ ತಡವಾದರೆ ಸಾಕು, ಕಂಪ್ಯೂಟರಿನಲ್ಲಿ ಕಂಡದ್ದೆಲ್ಲ ಇನ್ನು ಊರಿಗೆಲ್ಲ ಕಾಣುತ್ತದೆ. ಮಾವನಿಗೆ ಹಳದಿ ಪಟ್ಟಿಯ ನೆನಪಾಯಿತು. ಬಣ್ಣ ಕಾಣದವನನ್ನು ಬಣ್ಣದ ಅಂಗಡಿಯಲ್ಲಿ ಯಾರು ಇಟ್ಟುಕೊಳ್ಳುತ್ತಾರೆ? ಕೆಲಸ ಹೋದರೆ ಹೋಗಲಿ, ಬಣ್ಣದ ಮಾವ ಎಂಬ ಹೆಸರೂ ಹೋಗುತ್ತದಲ್ಲ. ಅವತ್ತೇ ನಿರ್ಧಾರ ಮಾಡಿದರು: ಪಟ್ಟಿಯ ಬಾಯಿ ಮುಚ್ಚಿಸಬೇಕು.

ಮಧ್ಯಾಹ್ನ ಮಾಲಕಿ ಊಟಕ್ಕೆ ಹೋದಾಗ ಅಕ್ಕನ ಮಗಳಿಗೆ ಫೋನ್ ಮಾಡಿ ಸಂಗತಿ ಹೇಳಿದರು.

"ಹೆಸರು ಬೇಕಾದ್ರೆ ಬದಲಾಯಿಸ್ತೀನಿ ಮಾವ" ಎಂದಳು ಅವಳು.

"ಯಾವ ಹೆಸರಿಟ್ರೇನೇ? ಎಚ್ಚರಿಕೆ ಅಂತ ಕಂಡ್ರೆ ನಮ್ಮ ಮಾಲಕಿ ಆಫ್ ಒತ್ತೇ ಒತ್ತುತ್ತಾರೆ. ನನಗೆ ಪಟ್ಟಿನೇ ಬರಬಾರದು."

"ಎಚ್ಚರಿಕೆನೆಲ್ಲ ಒಟ್ಟಿಗೆ ನಿಲ್ಲಿಸ್ಬೇಕಾಗುತ್ತೆ. ಆಮೇಲೆ ನಿಜವಾದ ತೊಂದ್ರೆ ಬಂದ್ರೂ ಅದು ತುಟಿ ಬಿಚ್ಚಲ್ಲ, ನೋಡಿ."

"ಬಿಚ್ಚದಿದ್ರೆ ಇನ್ನೂ ಒಳ್ಳೇದು. ದಾರಿ ಹೇಳು."

ಅವಳು ಹೇಳಿದಳು, ಇವರು ಹುಡುಕಿದರು. ಮೆನು, ಅದರೊಳಗೆ ಆಡ್-ಆನ್‌ಗಳು, ಅದರೊಳಗೆ ಸೆಟ್ಟಿಂಗ್. ಎರಡು ಸಲ ದಾರಿ ತಪ್ಪಿ ಹವಾಮಾನದ ಪುಟಕ್ಕೆ ಹೋಗಿ ಬಂದರೂ ಮಾವ ಪಟ್ಟು ಬಿಡಲಿಲ್ಲ. ಕೊನೆಗೆ 'ಆಡ್-ಆನ್ ಎಚ್ಚರಿಕೆಗಳನ್ನು ತೋರಿಸು' ಎಂಬುದರ ಎದುರಿನ ಗುರುತನ್ನು ತೆಗೆದು, ಬ್ರೌಸರ್ ಮುಚ್ಚಿ ತೆರೆದರು. ಪಟ್ಟಿ ಇಲ್ಲ! ಅವತ್ತು ಅವರು ಮನೆಗೆ ಸಿಳ್ಳೆ ಹಾಕುತ್ತ ಹೋದರು.

ದೊಡ್ಡ ಸ್ಕ್ರೀನ್ ಬಂತು. ಬಣ್ಣದ ಹೆಸರು ಮೂಡುವುದು ಗಿರಾಕಿಗಳಿಗಾಗಿ ಎಂದೇ ಎಲ್ಲರೂ ತಿಳಿದರು, ಕೆಲವು ದಿನ ಎಲ್ಲ ಸಲೀಸಾಗಿ ನಡೆಯಿತು. ಒಂದು ದಿನ ಬ್ರೌಸರ್ ತನ್ನ ಪಾಡಿಗೆ ತಾನು ಹೊಸ ಆವೃತ್ತಿಗೆ ಬದಲಾಯಿತು, ಬದಲಾಗುವಾಗ ತನಗೆ ನಂಬಿಕೆಯಿಲ್ಲದ ಆಡ್-ಆನ್ ಅನ್ನು ಆಫ್ ಮಾಡಿತು. ಮಾಮೂಲಿಯಾಗಿದ್ದರೆ ಪಟ್ಟಿ ಬಂದು ಹೇಳುತ್ತಿತ್ತು. ಅದರ ಬಾಯಿಗೆ ಬೀಗ ಹಾಕಿದವರು ಮಾವನೇ ಅಲ್ಲವೇ?

ಅವತ್ತೇ ಒಬ್ಬ ಅಜ್ಜಿ ಬಂದರು. ಕೋಣೆಗೆ ಪರದೆ ಬೇಕು, ಕುರ್ಚಿಗಳ ಬಟ್ಟೆಗೆ ಹೊಂದಬೇಕು ಎಂದು ಒಂದು ಚೂರು ಕೊಟ್ಟರು. ಮಾವ ಅದನ್ನು ಕ್ಯಾಮೆರಾ ಕೆಳಗಿಟ್ಟು ಮೌಸ್ ಆಡಿಸಿದರು. ಹೆಸರು ಮೂಡಲಿಲ್ಲ. ಇನ್ನೊಮ್ಮೆ ಆಡಿಸಿದರು. ಊಹೂಂ. ಇರಲಿ, ಹಳೆಯ ಉಪಾಯವಿದೆಯಲ್ಲ.

"ಇದನ್ನ ಏನ್ ಬಣ್ಣ ಅಂತೀರಿ? ನೀವೇ ಹೇಳಿ ನೋಡೋಣ."

"ಅಯ್ಯೋ, ನನ್ನ ಕಣ್ಣು ನಂಬೋ ಹಾಗಿಲ್ಲಪ್ಪ. ಎಲ್ಲ ಮಂಜು ಮಂಜು. ಅದಕ್ಕೇ ನಿಮ್ಮ ಹೆಸರು ಕೇಳಿ ಬಂದೆ. ನೀವು ನೋಡಿದ್ರೆ ಮುಗೀತು, ಕತ್ತರಿಸಿಬಿಡಿ."

ಕೆಂಪಿರಬೇಕು ಎಂದು ಮಾವ ಊಹಿಸಿದರು. ಊಹೆ, ಅಷ್ಟೆ. ಕೆಂಪು ಖಾನೆಯಿಂದ ಥಾನು ಎಳೆದು ಮೇಜಿನ ಮೇಲೆ ಅಳೆದು ಹಾಸಿದರು. ಕತ್ತರಿಯೂ ಕೈಗೆ ಬಂತು. ಅವರ ತಲೆಯ ಮೇಲೇ ಅಂಗಡಿಯ ಫಲಕ ತೂಗುತ್ತಿತ್ತು: ಕತ್ತರಿಸಿದ ಬಟ್ಟೆಯನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ. ತಪ್ಪಾದರೆ ಈ ಅಜ್ಜಿಗೆ ಗೊತ್ತೂ ಆಗುವುದಿಲ್ಲ. ಮನೆಗೆ ಬಂದವರು ನೋಡಿ ಮುಸಿಮುಸಿ ನಗುತ್ತಾರೆ, ಯಾಕೆಂದು ತಿಳಿಯದೆ ಅಜ್ಜಿಯೂ ನಗುತ್ತಾರೆ. ಅದನ್ನು ನೆನೆದದ್ದೇ ಮಾವನಿಗೆ ತನ್ನ ಮೇಲೇ ಅಸಹ್ಯವಾಯಿತು.

ಕತ್ತರಿ ಕೆಳಗಿಟ್ಟರು. ಮೌಸ್ ಹಿಡಿದು ಮೆನು ತೆರೆದರು, ಆಡ್-ಆನ್ ಪುಟಕ್ಕೆ ಹೋದರು. ಬಾಗಿಲಗಲದ ಸ್ಕ್ರೀನ್ ಮೇಲೆ ಅಂಗೈಯಗಲದ ಅಕ್ಷರ: ಬಣ್ಣ ಕಾಣದ ಮಾವ. ಆಫ್. ಗಲ್ಲಾದ ಹಿಂದೆ ಕೂತಿದ್ದ ಮಾಲಕಿಯ ತಲೆ ಮೇಲೆದ್ದಿತು.

"ಅಜ್ಜಿ, ನನಗೆ ಕೆಂಪು ಹಸಿರು ಗೊತ್ತಾಗಲ್ಲ" ಎಂದರು ಮಾವ. ಸ್ಕ್ರೀನಿನ ಮೇಲಿದ್ದ ಹೆಸರನ್ನು ಬೆರಳಿಟ್ಟು ತೋರಿಸಿದರು. "ಹುಟ್ಟಿನಿಂದ್ಲೂ ಹೀಗೇ. ಈ ಆಡ್-ಆನ್ ಹೇಳುತ್ತೆ, ನಾನು ಕೊಡ್ತೀನಿ. ಇವತ್ತು ಅದು ಆಫ್ ಆಗಿದೆ. ಒಂದು ನಿಮಿಷ ಕೂತ್ಕೊಳ್ಳಿ."

ಅಜ್ಜಿ ಬೊಚ್ಚುಬಾಯಿ ತುಂಬ ನಕ್ಕರು. "ಒಳ್ಳೇ ಜೋಡಿ ಆಯ್ತು ನಮ್ಮದು! ಅದೇನನ್ನುತ್ತೋ ಓದಿ, ಮತ್ತೆ."

ಮಾವ ಆನ್ ಮಾಡಿ ಮೌಸ್ ಇಟ್ಟರು. 'ಪಾಚಿ ಹಸಿರು' ಎಂದು ಬಂತು. ಮೇಜಿನ ಮೇಲೆ ಹಾಸಿದ್ದ ಥಾನಿನ ಮೂಲೆಯನ್ನು ಕ್ಯಾಮೆರಾ ಕೆಳಗೆ ಹಿಡಿದರು. 'ಇಟ್ಟಿಗೆ ಕೆಂಪು'. ಅದನ್ನು ಸುತ್ತಿಟ್ಟು ಹಸಿರು ಖಾನೆಗೆ ಏಣಿ ಹತ್ತಿದರು.

ಅಜ್ಜಿ ಹೋದದ್ದೇ ತಡ, ಮಾಲಕಿ ಬೆಂಕಿಯಾದರು. "ಇಷ್ಟು ವರ್ಷ ನನ್ನ ಕಣ್ಣಿಗೇ ಮಣ್ಣೆರಚಿದ್ರಲ್ಲ! ಊರೆಲ್ಲ ನಿಮ್ಮನ್ನ ಹೊಗಳಿಕೊಂಡು ಬಂದೆನಲ್ಲ ನಾನು!"

"ಹೇಳ್ಬೇಕಿತ್ತು, ತಪ್ಪಾಯ್ತು. ಆದ್ರೆ ಕೆಲಸ ಬಿಡಲ್ಲ" ಎಂದರು ಮಾವ. "ತೆಗೀಬೇಕು ಅಂತಿದ್ರೆ ನೀವೇ ತೆಗೀರಿ."

"ನಾಳೆ ನೋಡೋಣ" ಎಂದು ಮಾಲಕಿ ಮುಖ ತಿರುಗಿಸಿದರು.

ಸಂಜೆ ಬಾಗಿಲು ಹಾಕುವ ಮುಂಚೆ ಮಾವ ಮತ್ತೆ ಸೆಟ್ಟಿಂಗ್‌ಗೆ ಹೋದರು. ಈ ಸಲ ದಾರಿ ತಪ್ಪಲಿಲ್ಲ. 'ಎಚ್ಚರಿಕೆಗಳನ್ನು ತೋರಿಸು' ಎಂಬುದಕ್ಕೆ ಗುರುತು ಹಾಕಿದರು. ಕೆಲಸ ಉಳಿದರೂ ಹೋದರೂ ಇನ್ನು ಆ ಪಟ್ಟಿಗೆ ಹೆದರಿ ಓಡಿಬರುವುದಿಲ್ಲ ಎಂದುಕೊಂಡರು.

ಮರುದಿನ ಬೇಕೆಂದೇ ಬೇಗ ಬರದೆ ಕೆಲಸದ ಹೊತ್ತಿಗೆ ಸರಿಯಾಗಿ ಬಂದರು. ಮಾಲಕಿ ಆಗಲೇ ಬಂದು ಕಂಪ್ಯೂಟರ್ ಮುಂದೆ ಕೂತಿದ್ದರು. ಇಬ್ಬರು ಗಿರಾಕಿಗಳು ಕತ್ತೆತ್ತಿ ಗೋಡೆ ನೋಡುತ್ತಿದ್ದರು. ಹಳದಿ ಪಟ್ಟಿ ಅಂಗಡಿಯ ಉದ್ದಕ್ಕೂ ಹರಡಿತ್ತು: ಬಣ್ಣ ಕಾಣದ ಮಾವ. ಆಫ್ ಮಾಡಬೇಕೇ?

ಮಾವ ಹೊಸ್ತಿಲಲ್ಲೇ ನಿಂತರು. ಮಾಲಕಿ ಅವರನ್ನು ಒಮ್ಮೆ ದುರುಗುಟ್ಟಿ ನೋಡಿ, ಕನ್ನಡಕ ಸರಿಮಾಡಿಕೊಂಡು, 'ಇರಲಿ' ಒತ್ತಿದರು.

"ಏನ್ ನೋಡ್ತಿದ್ದೀರಿ? ಇವರು ಬಂದು ಆಗ್ಲೇ ಎಷ್ಟು ಹೊತ್ತಾಯ್ತು, ಇವರ ಚೂರು ತಗೊಂಡು ಹೊಂದೋ ಪರದೆ ತೋರಿಸಿ."