ಮುಳ್ಳಕ್ಕನ ಎಂಟು ಕೊಡ ನೀರು

ಆರು ತಾಸು ಕಾರಿನಲ್ಲಿ ಕೂತು ಬೆನ್ನು ಹಿಡಿದುಹೋಗಿತ್ತು. ಸಮುದ್ರ ನೋಡಿಕೊಂಡು ಹೋಗೋಣವೆಂದು ತಂಗಿ, ಅವಳ ಗಂಡ, ಮಗಳು ಆ ಸಣ್ಣ ಊರಲ್ಲಿ ಇಳಿದರು. ಓಣಿ ಓಣಿ ಸುತ್ತಿ ಕಂಡವರ ಮನೆಯ ಕಿಟಕಿ, ಬೆಕ್ಕುಗಳ ಫೋಟೊ ತೆಗೆಯತೊಡಗಿದರು. ನಾನು ದೋಣಿ ನಿಲ್ಲುವ ದಕ್ಕೆಯ ಪಕ್ಕ ಒಂದು ತಗಡಿನ ಶೆಡ್ಡಿನ ನೆರಳಲ್ಲಿ ಕುಕ್ಕರಿಸಿದೆ.

ಒಳಗೊಬ್ಬಳು ಕೂತು ಮೀನಿನ ಮುಳ್ಳು ಕೀಳುತ್ತಿದ್ದಳು. ಊರವರು ಕರೆಯುವುದೇ ಮುಳ್ಳಕ್ಕ ಎಂದು. ಅರವತ್ತರ ಹತ್ತಿರದವಳು, ಕಣ್ಣಿಗೆ ಪೊರೆ. ಬೆರಳ ತುದಿಯಲ್ಲೇ ಮುಳ್ಳು ಹುಡುಕಿ ಇಕ್ಕಳದಲ್ಲಿ ಎಳೆಯುತ್ತಿದ್ದಳು. ಇಪ್ಪತ್ತೆರಡು ವರ್ಷ ಆಚೆಯ ದೊಡ್ಡ ಶೆಡ್ಡಿನಲ್ಲಿ ಪರರಿಗಾಗಿ ನಿಂತೇ ದುಡಿದು ಕಾಲಿನ ನರಗಳೆಲ್ಲ ಗಂಟುಗಟ್ಟಿದ್ದವು. ಈಗ ಈ ಸಣ್ಣ ಶೆಡ್ಡು ಸ್ವಂತದ್ದು. ಆಸ್ಪತ್ರೆಯ ಅಡುಗೆಯವನು ಅವತ್ತು ಮಧ್ಯಾಹ್ನ ಬಂದು ಒಪ್ಪಿದರೆ ದಿನಾ ಅಲ್ಲಿಗೆ ಇವಳದೇ ಮೀನು. ಇಲ್ಲವಾದರೆ ಮತ್ತೆ ಆ ನಿಲ್ಲುವ ಕೆಲಸ.

"ಅವನು ಮೀನಿಗಿಂತ ಮೊದಲು ನೀರು ನೋಡ್ತಾನೆ ಕಣಪ್ಪ. ದಕ್ಕೆ ನೀರಲ್ಲಿ ಬರೀ ಡೀಸೆಲ್ಲು. ನಲ್ಲಿ ಬೆಳಗ್ಗೆ ಒಂದು ತಾಸು ಅಷ್ಟೆ. ಎಂಟು ಕೊಡ ಹೊತ್ತಿದೀನಿ," ಎಂದು ಬಾಗಿಲಾಚೆಯ ಪ್ಲಾಸ್ಟಿಕ್ ತೊಟ್ಟಿ ತೋರಿಸಿದಳು. ತಿಳಿನೀರು. "ನನ್ನ ಗಂಡನೂ ಇಷ್ಟು ಚೊಕ್ಕ ಇರಲಿಲ್ಲ, ಬಿಡು."

ನಗು ಮುಗಿದಿರಲಿಲ್ಲ, ತಂಗಿಯ ಗಂಡ ಮೂಗು ಮುಚ್ಚಿಕೊಂಡು ಬಂದ. ಕಾಲಿಗೆ ಮರಳು, ಮರಳಿನ ಜೊತೆ ನಾಯಿಯ ಹೊಲಸು ಬೇರೆ ತುಳಿದಿದ್ದ. ನಾನು ಏಳುವಷ್ಟರಲ್ಲಿ ಎರಡೂ ಪಾದ ತೊಟ್ಟಿಯೊಳಗೆ! ಬೆರಳಿನ ಸಂದಿ ಸಂದಿ ಉಜ್ಜಿದ.

"ಅಯ್ಯೋ, ಅದು ಮೀನು ತೊಳೆಯೋ ನೀರು!" ಮುಳ್ಳಕ್ಕ ಚೀರಿದಳು.

"ಮೀನೇ ನಾರ್ತಿದೆಯಲ್ಲಮ್ಮ. ಇನ್ಮೇಲೆ ಸ್ವಲ್ಪ ಘಮಾ ಅನ್ನುತ್ತೆ."

ಅವನ ಹಿಂದೆಯೇ ಬಂದಿದ್ದ ಮಗಳು ಕಿಸಕ್ಕೆಂದಳು. ತಂಗಿ ಸಮುದ್ರದ ಕಡೆ ಮುಖ ತಿರುಗಿಸಿದಳು. ಇವನಿಗೆ ಅವಳನ್ನು ಕೊಟ್ಟವನು ನಾನೇ.

ಕೊಡ ಹಿಡಿದು ಎದುರಿನ ಹೋಟೆಲಿಗೆ ಹೋದೆ. "ರೂಮು ತಗೊಂಡಿದೀರಾ? ಇಲ್ವಾ? ಹಾಗಾದ್ರೆ ನೀರೂ ಇಲ್ಲ," ಎಂದರು. ಇನ್ನೆರಡು ಮನೆಯಲ್ಲೂ ಅದೇ ಹಾಡು. ಬರಿಗೊಡ ಹಿಡಿದು ವಾಪಸಾದಾಗ ಅಡುಗೆಯವನು ಬಂದು ಮೀನು ಒತ್ತಿ ನೋಡುತ್ತಿದ್ದ.

"ಒಂದು ಮುಳ್ಳೂ ಸಿಗ್ತಿಲ್ಲವಲ್ಲಕ್ಕ! ನೀರು ಇದೇನಾ?"

ಅಷ್ಟರಲ್ಲಿ ಕೊಳೆಯೆಲ್ಲ ತಳಕ್ಕಿಳಿದು ಮೇಲೆ ತಿಳಿಯಾಗಿತ್ತು. ಮುಳ್ಳಕ್ಕ ಸುಮ್ಮನಿದ್ದಿದ್ದರೆ ಸಾಕಿತ್ತು.

"ಅದರಲ್ಲಿ ಕಾಲು ತೊಳೆದಿದಾರೆ. ಕಾಯಿಲೆಯವರು ತಿನ್ನೋದು. ಬೇಡ. ನಾಳೆ ಬಾ."

"ನಾಳೆವರೆಗೆ ಅಡುಗೆಮನೆ ಕಾಯುತ್ತಾ ಅಕ್ಕ? ಆ ದೊಡ್ಡ ಶೆಡ್ಡಿನವರಿಗೇ ಹೇಳ್ತೀನಿ," ಎಂದು ಅವನು ಹೊರಟುಹೋದ.

ತಂಗಿಯ ಗಂಡ ಮುಂದೆ ಬಂದ. ಈಗ ಮೂಗು ಮುಚ್ಚಿರಲಿಲ್ಲ. "ಹೇಗೂ ಉಳೀತಲ್ಲ, ಅರ್ಧ ರೇಟಿಗೆ ಕೊಡಮ್ಮ. ಏನ್ ಭಾವ, ಮುಳ್ಳೂ ಇಲ್ಲ, ಒಳ್ಳೆ ಮಾಲು!"

"ಥೂ, ಮುಚ್ಚೋ ಬಾಯಿ," ಎಂದೆ.

ಮುಳ್ಳಕ್ಕ ಅವನತ್ತ ನೋಡಲೂ ಇಲ್ಲ. ತೊಟ್ಟಿಯ ಒಂದು ಅಂಚು ನನಗೆ ಹಿಡಿಸಿ ನೀರು ಚೆಲ್ಲಿಸಿದಳು. ಮೀನಿನ ಮೇಲೆ ಒದ್ದೆ ಗೋಣಿ ಹೊದಿಸಿ, ಬಾಗಿಲಿಗೆ ಚಿಲಕ ಹಾಕಿ, ಕಾಲೆಳೆಯುತ್ತ ದೊಡ್ಡ ಶೆಡ್ಡಿನ ಕಡೆ ನಡೆದಳು, ಬೆಳಗ್ಗೆ ಎಷ್ಟು ಗಂಟೆಗೆ ಬಂದು ನಿಲ್ಲಬೇಕೆಂದು ಕೇಳಲು.