ಹಿಂದಿನ ದೀಪ ಮಾತು ಬಿಟ್ಟಾಗ

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯ ಮುಂದೆ ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಗೂಡು ತಂದ ಆಟೊ, ಟೆಂಪೊ, ಕಾರುಗಳು ಗೇಟಿನ ಎರಡೂ ಬದಿಗೆ ನಿಂತಿವೆ. ಅಲ್ಲಿಂದ ಕೂಗಳತೆಯ ದೂರದಲ್ಲಿ ಒಂದು ತಗಡಿನ ಶೆಡ್ಡು. ಒಳಗೆ ನಿಂತ ಬಿಳಿ ಕಾರಿನ ಡಿಕ್ಕಿಯಲ್ಲಿ ಹೆಂಗಸೊಬ್ಬರು ಕಾಲು ಮಡಚಿ ಕೂತಿದ್ದಾರೆ. ದುಪಟ್ಟಾವನ್ನು ಕಿವಿಯ ಹಿಂದೆ ಬಿಗಿಯಾಗಿ ಸಿಕ್ಕಿಸಿದ್ದಾರೆ, ಹಲ್ಲಿನ ನಡುವೆ ಸಣ್ಣ ಟಾರ್ಚು ಕಚ್ಚಿಕೊಂಡಿದ್ದಾರೆ. ಡಿಕ್ಕಿಯ ಬಾಗಿಲಿನಲ್ಲೇ ಕೂರಿಸಿರುವ ದೀಪದ ಹಿಂಬದಿಯ ಪ್ಲಾಸ್ಟಿಕ್ ಹೊದಿಕೆ ಕಳಚಿ ಪಕ್ಕಕ್ಕಿಟ್ಟು, ತಂತಿಗಳ ಕಟ್ಟನ್ನು ಬೆರಳಿನಿಂದ ಒಂದೊಂದಾಗಿ ಸರಿಸಿ ನೋಡುತ್ತಿದ್ದಾರೆ.

ಇವರು ನಿಖಾತ್. ವಯಸ್ಸು ನಲವತ್ತಾರು. ಹಿಂದಿನ ದೀಪದ ದೋಷ ಹುಡುಕುವುದು ಇವರ ಕೆಲಸ. ಶೆಡ್ಡಿನ ಮುಂದಿನ ಬೋರ್ಡಿನಲ್ಲಿ ಇರುವುದು ಗಂಡ ಸಾಬೀರ್ ಅವರ ಹೆಸರು. ಅವರದು ಬ್ಯಾಟರಿ, ಡೈನಮೊ, ಹಾರನ್ನಿನ ಕೆಲಸ. ಕಂಪ್ಯೂಟರ್ ಇರುವ ಹೊಸ ಕಾರು ಬಂದರೆ ಸಾಬೀರ್ ತಲೆಯೆತ್ತದೆ ಹೆಬ್ಬೆರಳಿನಿಂದ ಹೆಂಡತಿಯ ಕಡೆ ತೋರಿಸುತ್ತಾರೆ.

ಹಳೆಯ ಕಾರುಗಳಲ್ಲಿ ಬ್ರೇಕ್ ತುಳಿದರೆ ತಂತಿಯಲ್ಲಿ ಕರೆಂಟು ಹರಿದು ಹಿಂದಿನ ಬಲ್ಬು ಹೊತ್ತಿಕೊಳ್ಳುತ್ತಿತ್ತು, ಅಷ್ಟೇ. ಈಗಿನ ಕೆಲವು ಕಾರುಗಳಲ್ಲಿ ಹಾಗಲ್ಲ. ಮುಂದಿರುವ ಒಂದು ಪೆಟ್ಟಿಗೆ, ಬ್ರೇಕ್ ತುಳಿದಿದ್ದಾರೆ ಎಂಬ ಸುದ್ದಿಯನ್ನು ಹಿಂದಿನ ದೀಪದ ಪೆಟ್ಟಿಗೆಗೆ ಕಳಿಸುತ್ತದೆ. ಸುದ್ದಿ ತಲುಪಿದರೆ ಮಾತ್ರ ದೀಪ ಜೋರಾಗುತ್ತದೆ. ಒಂದಕ್ಕೊಂದು ಹೊಸೆದ ಎರಡು ಸಣ್ಣ ತಂತಿಗಳೇ ಸುದ್ದಿಯ ದಾರಿ. ಆ ದಾರಿ ಕಡಿದರೆ ಪರೀಕ್ಷೆಯ ಯಂತ್ರದ ಪರದೆಯಲ್ಲಿ ಸಂಪರ್ಕವಿಲ್ಲ ಎಂದು ಬರುತ್ತದೆ. ನಿಖಾತ್ ಅದನ್ನು ಹಾಗೆ ಹೇಳುವುದಿಲ್ಲ.

“ಮಾತು ಬುಟ್ಟವೆ ಅಂತೀನಿ ನಾನು. ಒಂದೇ ಮನೇಲಿ ಓರಗಿತ್ತೀರು ಮಾತು ಬಿಡಾಕಿಲ್ವ, ಅಂಗೆ. ಲೈಟೂ ಸರಿಯಾಗೈತೆ, ಬ್ರೇಕೂ ಸರಿಯಾಗೈತೆ. ಇವ್ರು ಏಳಿದ್ದು ಅವ್ರಿಗೆ ಓಗಾಕಿಲ್ಲ.”

ಈ ಮಾತು ಈಗ ಸುತ್ತಲಿನ ಗ್ಯಾರೇಜುಗಳಿಗೂ ಹಬ್ಬಿದೆ. ಚನ್ನಪಟ್ಟಣದಿಂದ, ಮಾಗಡಿಯಿಂದ ಫೋನ್ ಮಾಡುವ ಮೆಕ್ಯಾನಿಕ್‌ಗಳು ‘ಅಕ್ಕಾ, ಒಂದು ಮಾತು ಬಿಟ್ಟಿರೋ ಕೇಸ್ ಐತೆ’ ಎಂದೇ ಶುರು ಮಾಡುತ್ತಾರೆ. ದಿನಕ್ಕೆ ಎರಡು ಮೂರು ಕಾರು ಬರುತ್ತವೆ. ಕೆಲವು ತಿಂಡಿಯ ಹೊತ್ತಿಗೆ ಮುಗಿಯುತ್ತವೆ, ಕೆಲವು ವಾರಗಟ್ಟಲೆ ಕಾಡುತ್ತವೆ.

ಮದುವೆಯಾಗಿ ಬಂದ ಹೊಸತರಲ್ಲಿ ನಿಖಾತ್ ರೇಷ್ಮೆ ನೂಲು ತೆಗೆಯುವ ಘಟಕದಲ್ಲಿ ಕೆಲಸ ಮಾಡುತ್ತಿದ್ದರು. ಬಿಸಿನೀರಿನಲ್ಲಿ ಬೇಯುವ ಗೂಡಿನಿಂದ ಎಳೆಯ ತುದಿ ಹುಡುಕಿ ಹಿಡಿಯುವುದು ಅವರ ಪಾಲಿನ ಕೆಲಸ. ಕೈಯ ಚರ್ಮ ಒಡೆದು ಕೀವು ಕಟ್ಟತೊಡಗಿದಾಗ ಡಾಕ್ಟರು ನೀರಿನ ಕೆಲಸ ಬೇಡವೆಂದರು. ಸುಮ್ಮನೆ ಕೂರಲಾರದೆ ಶೆಡ್ಡಿಗೆ ಬಂದು ಗಂಡನಿಗೆ ಟಾರ್ಚು ಹಿಡಿದರು. ಬಿಡದಿಯ ಕಾರ್ಖಾನೆಯಲ್ಲಿರುವ ಅಣ್ಣನ ಮಗ ಮುಬಶ್ಶಿರ್ ಒಂದು ಹಳೆಯ ಪರೀಕ್ಷೆಯ ಯಂತ್ರ ತಂದುಕೊಟ್ಟ, ಭಾನುವಾರಗಳಲ್ಲಿ ಬಂದು ಅದರ ಪರದೆ ಓದುವುದನ್ನು ಕಲಿಸಿದ. ಉಳಿದದ್ದನ್ನು ಕಾರುಗಳು ಕಲಿಸಿದವು.

ಕಣ್ಣಿಗೆ ಕಾಣದ ಎಳೆಯನ್ನು ಹಿಡಿಯುವ ಕೈ ಇಲ್ಲೂ ನೆರವಾಯಿತೇ ಎಂದು ಕೇಳುತ್ತೇನೆ. ಎಲ್ಲರೂ ಅದನ್ನೇ ಕೇಳುತ್ತಾರೆ ಎಂದು ನಗುತ್ತಾರೆ. ರೇಷ್ಮೆಯೇ ಬೇರೆ, ತಾಮ್ರವೇ ಬೇರೆ. ಅಲ್ಲಿ ತುದಿ ಸಿಗದಿದ್ದರೆ ಇನ್ನೊಂದು ಗೂಡು ತೆಗೆದುಕೊಳ್ಳಬಹುದಿತ್ತಂತೆ. ಸಾಬೀರ್ ಅಷ್ಟಕ್ಕೇ ಬಿಡುವುದಿಲ್ಲ. “ಕಾರಿನ ಮಾತೆಲ್ಲ ಅರ್ಥ ಆಯ್ತದೆ ಇವ್ಳಿಗೆ. ಟೀ ಬೇಕು ಅಂತ ಬೆಳಗ್ಗಿಂದ ಏಳ್ತಾ ಇವ್ನಿ, ಅದೊಂದು ಕೇಳ್ಸಾಕಿಲ್ಲ.”

ಇವತ್ತು ಡಿಕ್ಕಿಯಲ್ಲಿ ನಿಖಾತ್ ಕೂತಿರುವ ಬಿಳಿ ಕಾರು ಉಯ್ಯಂಬಳ್ಳಿ ಕಡೆಯ ರೈತ ಬೈರಪ್ಪ ಅವರದು. ಬೈರಪ್ಪ ಮಾರುಕಟ್ಟೆಯಲ್ಲಿ ಗೂಡು ಇಳಿಸಿ, ಖಾಲಿ ಕಾರು ತಂದು ಬೆಂಚಿನ ತುದಿಯಲ್ಲಿ ಕೂತಿದ್ದಾರೆ. ಮಾತು ಕಡಿಮೆ. ಕೇಳಿದ್ದಕ್ಕಷ್ಟೇ ಉತ್ತರ.

ಎರಡು ತಿಂಗಳ ಹಿಂದೆ ಗೂಡು ತುಂಬಿಕೊಂಡು ಬರುವಾಗ ಕನಕಪುರದ ಮೊದಲ ತಿರುವಿನಲ್ಲಿ ಹಸು ಅಡ್ಡ ಬಂದಿದೆ. ಬೈರಪ್ಪ ಬ್ರೇಕ್ ತುಳಿದಿದ್ದಾರೆ. ಹಿಂದಿನಿಂದ ಸ್ಕೂಟರಿನಲ್ಲಿ ಬರುತ್ತಿದ್ದ ಸೌಮ್ಯ ನೇರವಾಗಿ ಬಂದು ಗುದ್ದಿದ್ದಾಳೆ. ಅವರದೇ ಊರಿನ ಸಿದ್ದಯ್ಯನ ಮಗಳು ಅವಳು. ಹಾರೋಹಳ್ಳಿಯ ಕಾರ್ಖಾನೆಗೆ ಬೆಳಗಿನ ಪಾಳಿಗೆ ಹೊರಟಿದ್ದಳು. ಮಣಿಕಟ್ಟು ಮುರಿಯಿತು. ಬ್ರೇಕ್ ಲೈಟು ಬರಲೇ ಇಲ್ಲ ಎಂದು ಬಿದ್ದಲ್ಲಿಂದಲೇ ಹೇಳಿದಳು. ಸೇರಿದ್ದ ಜನ ಅಲ್ಲೇ ಗೂಡಿನ ಚೀಲಗಳನ್ನು ಇಳಿಸಿ, ಡಿಕ್ಕಿ ಮುಚ್ಚಿ, ಬ್ರೇಕ್ ತುಳಿಸಿ ನೋಡಿದರು. ದೀಪ ಚೆನ್ನಾಗಿಯೇ ಹೊತ್ತಿತು. ಹುಡುಗಿ ಫೋನ್ ನೋಡುತ್ತಿದ್ದಳು ಎಂದು ಊರಲ್ಲಿ ಮಾತಾಯಿತು. ಸಿದ್ದಯ್ಯ ಸ್ಕೂಟರಿನ ಕೀ ಕಿತ್ತಿಟ್ಟುಕೊಂಡರು. ಕೈ ಕೂಡಿದ ಮೇಲೂ ಕೊಟ್ಟಿಲ್ಲ. ಸೌಮ್ಯ ಕೆಲಸ ಬಿಟ್ಟು ಮನೆಯಲ್ಲಿದ್ದಾಳೆ.

ಹಾಗಿದ್ದರೆ ಬೈರಪ್ಪ ಇಲ್ಲಿಗೇಕೆ ಬಂದರು? ಡ್ಯಾಶ್‌ಬೋರ್ಡಿನಲ್ಲಿ ಒಂದು ಹಳದಿ ಗುರುತು ಆಗಾಗ ಮೂಡಿ ಮಾಯವಾಗುತ್ತಿದೆ. ಒಂದು ಗ್ಯಾರೇಜಿನವರು ದೀಪವನ್ನೇ ಬದಲಿಸಿದರು, ಇನ್ನೊಂದು ಕಡೆ ಯಂತ್ರದಲ್ಲಿ ದೋಷ ಅಳಿಸಿ ಕಳಿಸಿದರು. ಗುರುತು ಮತ್ತೆ ಬಂತು. “ಆ ಹುಡ್ಗಿ ಏಳಿದ್ದು ದಿಟ್ವೇನೋ ಅಂತ ಒಳಗೇ ಕೊರೀತಾ ಐತೆ,” ಎನ್ನುತ್ತಾರೆ ಅವರು, ನೆಲ ನೋಡುತ್ತ.

ನಿಖಾತ್ ಯಂತ್ರ ಜೋಡಿಸುತ್ತಾರೆ. ಹಿಂದಿನ ದೀಪದ ಪೆಟ್ಟಿಗೆ ಮಾತು ಬಿಟ್ಟಿದ್ದ ದಾಖಲೆ ಇದೆ, ಈಗ ಮಾತಾಡುತ್ತಿದೆ. ಬ್ಯಾಟರಿ ಕಳಚಿ, ಹೊಸೆದ ಎರಡು ತಂತಿಗಳ ನಡುವೆ ಮೀಟರ್ ಹಿಡಿಯುತ್ತಾರೆ. ಅರವತ್ತು ಓಮ್ ತೋರಿಸುತ್ತದೆ. ಅರವತ್ತಿದ್ದರೆ ಎರಡೂ ತುದಿಯವರು ಚೆನ್ನಾಗಿದ್ದಾರೆ, ನೂರಿಪ್ಪತ್ತಾದರೆ ಒಬ್ಬರು ಮುನಿಸಿಕೊಂಡಿದ್ದಾರೆ ಎಂದು ನನಗೆ ಬಿಡಿಸಿ ಹೇಳುತ್ತಾರೆ. ಡಿಕ್ಕಿಯ ಬಾಗಿಲನ್ನು ಪೂರ್ತಿ ಎತ್ತುತ್ತಾರೆ, ಅರವತ್ತು. ಪೂರ್ತಿ ಮುಚ್ಚುತ್ತಾರೆ, ಅರವತ್ತು. ಜೋಡಣೆಗಳನ್ನು ಒಂದೊಂದಾಗಿ ಬಿಚ್ಚಿ, ಒರೆಸಿ, ಹಾಕುತ್ತಾರೆ. ಬಿಸಿಲು ಶೆಡ್ಡಿನೊಳಕ್ಕೆ ಬರುತ್ತದೆ. ಏನೂ ಸಿಗುವುದಿಲ್ಲ. ಇದೇ ಅತ್ಯಂತ ಕಷ್ಟದ ಹೊತ್ತು ಎಂದು ಸಾಬೀರ್ ನನ್ನ ಕಿವಿಯಲ್ಲಿ ಹೇಳುತ್ತಾರೆ. ಈಗ ಅವಳನ್ನು ಮಾತಾಡಿಸಬಾರದಂತೆ.

ನಿಖಾತ್ ತಾವಾಗಿಯೇ ಕೆಳಗಿಳಿದು ಬೈರಪ್ಪನವರ ಎದುರು ನಿಲ್ಲುತ್ತಾರೆ. ಡಿಕ್ಕಿಯ ಅಂಚಿನ ಬಣ್ಣ ಒಂದು ಕಡೆ ಉಜ್ಜಿಹೋಗಿರುವುದನ್ನು ತೋರಿಸುತ್ತಾರೆ. “ಗೌಡ್ರೆ, ಗೂಡು ತರೋವಾಗ ಇದ್ನ ಮುಚ್ತೀರಾ?”

“ಮುಚ್ಚಿದ್ರೆ ಗೂಡು ಬೆವರ್ಕಂಡು ಆಳಾಗೋಯ್ತದಲ್ಲವ್ವ. ಗಾಳಿ ಆಡ್ಬೇಕು. ಒಂದು ತುಂಡು ಕೊಟ್ಟು ಅಗ್ಗ ಕಟ್ತೀನಿ.”

ಆ ತುಂಡು ಸೀಟಿನ ಕೆಳಗಿದೆ. ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಂಕಿ ಮುರಿದಾಗ ಉಳಿದದ್ದು, ಗೇಣುದ್ದ. ಹಗ್ಗವೂ ಅಲ್ಲೇ. ಯಾವಾಗಲೂ ಹೇಗೆ ಕಟ್ಟುತ್ತೀರೋ ಹಾಗೇ ಕಟ್ಟಿ ಎಂದು ನಿಖಾತ್ ಹೇಳುತ್ತಾರೆ. ಬೈರಪ್ಪ ಬಿದಿರನ್ನು ಅಂಚಿಗೆ ಕೊಟ್ಟು, ಬಾಗಿಲನ್ನು ಅದರ ಮೇಲೆ ಒತ್ತಿ, ಹಗ್ಗ ಬಿಗಿಯುತ್ತಾರೆ. ಹಿಂದಿನ ಸೀಟು ಮಡಚಿ ಒಳಗೆ ತೂರಿಕೊಂಡ ನಿಖಾತ್ ಅವರ ಕೈಯಲ್ಲಿ ಮೀಟರಿದೆ. ಅಂಕಿ ಒಂದು ಸಲ ನಡುಗಿ ನೂರಿಪ್ಪತ್ತಕ್ಕೆ ಹಾರುತ್ತದೆ.

ಬ್ಯಾಟರಿ ಜೋಡಿಸಿ ಬ್ರೇಕ್ ತುಳಿಯಲು ಸಾಬೀರ್ ಅವರಿಗೆ ಹೇಳಿ, ನಿಖಾತ್ ಬೈರಪ್ಪನವರನ್ನೂ ನನ್ನನ್ನೂ ಕಾರಿನ ಹಿಂದೆ ನಿಲ್ಲಿಸುತ್ತಾರೆ. ದೀಪದ ಪಟ್ಟಿ ಮಂದವಾಗಿ ಕೆಂಪಗೆ ಉರಿಯುತ್ತಿದೆ. ಸುದ್ದಿ ಬರದಿದ್ದಾಗ ಆ ಪೆಟ್ಟಿಗೆ ತಾನಾಗಿಯೇ ದೀಪವನ್ನು ಹೀಗೆ ಉರಿಸುತ್ತ ಇರುತ್ತದಂತೆ. ಸಾಬೀರ್ ಬ್ರೇಕ್ ತುಳಿಯುತ್ತಾರೆ, ಬಿಡುತ್ತಾರೆ, ತುಳಿಯುತ್ತಾರೆ. ಕೆಂಪು ಹಾಗೇ ಇದೆ. ಸ್ಕೂಟರಿನ ಮೇಲಿಂದ ನೋಡಿದವರಿಗೆ ಕಾರು ಓಡುತ್ತಿದೆ ಎಂದೇ ಅನಿಸುತ್ತದೆ.

ಬಾಗಿಲ ಕೀಲಿನ ಬಳಿ ತಂತಿಗಳು ಹಾಯುವ ರಬ್ಬರ್ ಕೊಳವೆಯನ್ನು ನಿಖಾತ್ ಸೀಳಿದಾಗ ತಂತಿ ಹೊರಗಿನಿಂದ ಸರಿಯಾಗಿಯೇ ಕಾಣುತ್ತದೆ. ಬಿದಿರು ಕೊಟ್ಟ ಆ ಒಂದೇ ಎತ್ತರದಲ್ಲಿ, ಹಳ್ಳದ ರಸ್ತೆಯಲ್ಲಿ ಕುಲುಕಿ ಕುಲುಕಿ, ಹೊದಿಕೆಯ ಒಳಗೆ ತಾಮ್ರದ ಎಳೆ ತುಂಡಾಗಿದೆ. ಬಾಗಿಲು ಪೂರ್ತಿ ಎತ್ತಿದರೂ ಮುಚ್ಚಿದರೂ ತುದಿಗಳು ಒಂದನ್ನೊಂದು ಮುಟ್ಟುತ್ತವೆ. ಯಾವ ಗ್ಯಾರೇಜಿನಲ್ಲೂ ಬಾಗಿಲನ್ನು ಗೇಣುದ್ದ ತೆರೆದು ಪರೀಕ್ಷೆ ಮಾಡುವುದಿಲ್ಲ. ಗೂಡಿನವರನ್ನು ಬಿಟ್ಟರೆ ಹಾಗೆ ಓಡಿಸುವವರೂ ಇಲ್ಲ.

ಡಿಕ್ಕಿ ಮುಚ್ಚಿಕೊಂಡೇ ಬನ್ನಿ ಎಂದು ನಿಖಾತ್ ಉಪದೇಶ ಮಾಡುವುದಿಲ್ಲ. ಗೂಡು ಕೆಡುತ್ತದೆಂದು ಅವರಿಗೂ ಗೊತ್ತು. ಹಾಳಾದಷ್ಟನ್ನು ಕತ್ತರಿಸಿ, ಹೆಚ್ಚು ಬಳುಕುವ ತಂತಿಯನ್ನು ಮೊದಲಿನಂತೆಯೇ ಹೊಸೆದು, ಸ್ವಲ್ಪ ಉದ್ದ ಬಿಟ್ಟು, ಕೀಲಿನಿಂದ ದೂರ ಬೆಸುಗೆ ಹಾಕುತ್ತಾರೆ. ಮತ್ತೆ ಬಿದಿರು ಕೊಟ್ಟು, ಹಗ್ಗ ಕಟ್ಟಿ, ಕಾರನ್ನು ಕುಲುಕಿಸುತ್ತಾರೆ. ಅರವತ್ತು.

ಕತ್ತರಿಸಿದ ತುಂಡನ್ನು ಕಾಗದದಲ್ಲಿ ಸುತ್ತಿ ಬೈರಪ್ಪನವರ ಕೈಗೆ ಕೊಡುತ್ತಾರೆ. “ಆ ಮಗೀಗೆ ತೋರ್ಸಿ.”

ಬೈರಪ್ಪ ಅದನ್ನು ಜೇಬಿಗೆ ಹಾಕಿಕೊಳ್ಳುತ್ತಾರೆ. ಅದೇ ಜೇಬಿನಿಂದ ಫೋನ್ ತೆಗೆಯುತ್ತಾರೆ. ಅವರ ಕಿವಿ ಮಂದ, ಸ್ಪೀಕರ್ ಹಾಕಿಯೇ ಮಾತಾಡುವುದು. “ಸಿದ್ದಯ್ಯ, ನಾನ್ ಕಣ್ಲಾ ಬೈರ. ನಿನ್ ಮಗ್ಳು ಸುಳ್ಳೇಳಿಲ್ಲ. ಲೈಟ್ ಬಂದಿರ್ನಿಲ್ಲ.”

ಆ ಕಡೆ ಕೋಳಿಯ ಸದ್ದು ಕೇಳುತ್ತದೆ. “ಈಗ ಏಳ್ತಿದ್ದೀಯಲ್ಲಾ,” ಎನ್ನುತ್ತಾರೆ ಸಿದ್ದಯ್ಯ. ಫೋನು ಕೈ ಬದಲಾಗುತ್ತದೆ. ಹುಡುಗಿಯ ದನಿ ಮೆಲ್ಲಗಿದೆ, ಆದರೆ ಸ್ಪಷ್ಟವಾಗಿದೆ: “ಇದ್ನೇ ಊರೋರ ಮುಂದೆ ಏಳ್ತೀರಾ, ದೊಡ್ಡಪ್ಪ?”

“ಏಳ್ತೀನವ್ವ. ಸಂಜೆಗೇ ಏಳ್ತೀನಿ.”

ಕಾರು ಹೊರಟಾಗ ನಿಖಾತ್ ಸ್ಕೂಟರ್ ತೆಗೆದು ಅದರ ಹಿಂದೆ ಹೋಗುತ್ತಾರೆ. ಮಾತು ಬಿಟ್ಟ ಕೇಸ್ ಮುಗಿದಾಗಲೆಲ್ಲ ಅವರು ಹೀಗೆ ಹೋಗುತ್ತಾರೆ. ಕನಕಪುರ ರಸ್ತೆಯ ಎರಡು ಉಬ್ಬು ದಾಟುವವರೆಗೆ ಹಿಂಬಾಲಿಸಿ, ದೀಪ ಜೋರಾಗುವುದನ್ನು ತಮ್ಮ ಕಣ್ಣಿನಿಂದಲೇ ನೋಡಿ ಮರಳುತ್ತಾರೆ. ಸಾಬೀರ್ ಅಷ್ಟರಲ್ಲಿ ತಾವೇ ಟೀ ತರಿಸಿದ್ದಾರೆ.

ಇಂಥ ಲೇಖನಗಳ ಕೊನೆಗೆ ಕೇಳುವ ಪ್ರಶ್ನೆಯನ್ನೇ ನಾನೂ ಕೇಳುತ್ತೇನೆ: ನಿಮಗೇನಾದರೂ ಆಸೆ ಇದೆಯೇ? ದೊಡ್ಡ ಶೆಡ್ಡು, ಹೊಸ ಯಂತ್ರ ಎಂದು ಸಾಬೀರ್ ಪಕ್ಕದಿಂದ ಹೇಳಿಕೊಡುತ್ತಾರೆ. ನಿಖಾತ್ ಕೈಯ ಮಸಿ ಒರೆಸಿಕೊಳ್ಳುತ್ತ ಯೋಚಿಸುತ್ತಾರೆ.

“ಆ ಮಗು ಸ್ಕೂಟ್ರು ಓಡಿಸ್ಕೊಂಡು ಒಂದ್ಸತಿ ಇಲ್ಲೀಗಂಟ ಬರ್ಲಿ. ಅದ್ರ ಹಿಂದಿನ ಲೈಟೂ ನೋಡ್ಬುಡ್ತೀನಿ.”